ಕಣಜ ಹತ್ತುವ ಹಕ್ಕು

ಹೆಂಗಸರ ಜೈಲು, ಕಪ್ಚೋರ್ವಾ
ಮಾರ್ಚ್ 9, 2017

ಪ್ರೀತಿಯ ಅವ್ವನಿಗೆ,

ನಿನ್ನ ಚೆಸಾಂಗ್ ಮಾಡುವ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಶಿಕ್ಷೆಯಾಗಿ ಆರು ವಾರವಾದರೂ ಬರೆಯಲಿಲ್ಲ. ಕಾಗದ, ಪೆನ್ನು ಎರಡೂ ಇದ್ದವು. ಧೈರ್ಯ ಇರಲಿಲ್ಲ, ಕ್ಷಮಿಸು.

ಗಾಯ ಮಾಯಿತು, ಕೂತರೆ ಉರಿಯುತ್ತದೆ ಅಷ್ಟೆ. ನನ್ನ ಗುಪ್ತಾಂಗ ಕೊಯ್ದ ಮುದುಕಿ ಸಲಿಮೊಗೆ ಐದು ವರ್ಷ ಜೈಲು, ನನಗೆ ಎರಡು. ಕಾನೂನಿನಲ್ಲಿ ಕೊಯ್ಯುವುದೂ ತಪ್ಪು, ಕೊಯ್ಸಿಕೊಳ್ಳುವುದೂ ತಪ್ಪು. ಕೊಯ್ಸಿಕೊಂಡವಳಿಗೂ ಜೈಲೇ ಎಂದು ಊರ ಹೆಂಗಸರು ಕೋರ್ಟಿನಲ್ಲೇ ಬಾಯಿಯ ಮೇಲೆ ಕೈಯಿಟ್ಟರು.

ನನಗೆ ಹದಿನೈದಾಗಿದ್ದಾಗ ಅಪ್ಪನ ಕಡೆಯವರೆಲ್ಲ ಪದ್ಧತಿಯಂತೆ ನನ್ನನ್ನು ಕೊಯ್ಸಲು ದಿನ ಗೊತ್ತುಮಾಡಿದರೂ ನೀನೊಬ್ಬಳೇ ಅಡ್ಡ ನಿಂತು ನನ್ನನ್ನು ಹಾಸ್ಟೆಲಿಗೆ ಸೇರಿಸಿದೆ. ಅವರು ಇವತ್ತಿಗೂ ನಿನ್ನನ್ನು ಮಾತನಾಡಿಸುವುದಿಲ್ಲ. ಅಂಥವಳ ಮಗಳು ಇಪ್ಪತ್ತಾರರಲ್ಲಿ, ಎರಡು ಮಕ್ಕಳ ತಾಯಿಯಾಗಿ, ತಾನೇ ನಡೆದು ಹೋಗಿ ಕತ್ತಿಯ ಮುಂದೆ ಕೂತಳು.

ಕೊಯ್ಸಿಕೊಳ್ಳದವಳು ಎಷ್ಟು ವಯಸ್ಸಾದರೂ ಹುಡುಗಿಯೇ, ಕಣಜ ಹತ್ತುವಂತಿಲ್ಲವಲ್ಲ ಅವ್ವಾ. ಏಳು ವರ್ಷ ಒಂದು ಮೊರ ಜೋಳಕ್ಕೂ ಅತ್ತೆಯ ದಾರಿ ಕಾದೆ. ಅವಳು ಹೆಂಡದ ಮನೆಯಲ್ಲಿ ಹರಟುತ್ತ ಕೂತರೆ ನನ್ನ ಮಕ್ಕಳಿಗೆ ಉಪವಾಸ. ಡಿಸೆಂಬರಿನ ಒಂದು ಮಧ್ಯಾಹ್ನ ತಡೆಯಲಾರದೆ ಏಣಿ ಇಟ್ಟು ಜೋಳ ಇಳಿಸಿದೆ. ಓರಗಿತ್ತಿ ನೋಡಿಬಿಟ್ಟಳು. "ಇಳಿಯೇ ಹುಡುಗಿ, ದೊಡ್ಡೋರು ಹತ್ತೋ ಜಾಗ ಅದು," ಎಂದಳು. ಅವಳು ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಆದರೆ ಕೊಯ್ಸಿಕೊಂಡವಳು. ನಾನು ಮುಟ್ಟಿದ ಜೋಳ ಮೈಲಿಗೆಯೆಂದು ಅತ್ತೆ ಅದನ್ನು ಕೋಳಿಗಳಿಗೆ ಸುರಿದಳು. ನನ್ನ ಮಗಳು ಯೆಕೊ ಕೋಳಿಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಕಾಳು ಆರಿಸಿಕೊಂಡು ತಿಂದಳು. ಮಾರನೆಯ ದಿನವೇ ನಾನು ಸಲಿಮೊಳ ಹತ್ತಿರ ಹೋದೆ.

ರಕ್ತ ನಿಲ್ಲಲಿಲ್ಲ. ಗಂಡ ಹೆದರಿ ಆಸ್ಪತ್ರೆಗೆ ಒಯ್ದ, ಅಲ್ಲಿಗೆ ಪೊಲೀಸರು ಬಂದರು. ಯಾರಾದರೂ ಬಲವಂತ ಮಾಡಿದರೇ ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರು. ಅತ್ತೆ ಮುಂದಿನ ಬೆಂಚಿನಲ್ಲೇ ಇದ್ದಳು. ನನ್ನ ಮಕ್ಕಳು ಇನ್ನೂ ಅವಳ ಕೈಯಿಂದಲೇ ಉಣ್ಣಬೇಕು, ಹಾಗಾಗಿ ಯಾರೂ ಇಲ್ಲ ಎಂದೆ.

ಮಕ್ಕಳನ್ನು ನಿನ್ನ ಹತ್ತಿರ ಕರೆದುಕೊಳ್ಳವ್ವಾ. ನಾಳೆ ಯೆಕೊಗಾಗಿಯೂ ನೀನೇ ಅಡ್ಡ ನಿಲ್ಲಬೇಕು. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮಗಳು,
ಚೆಸಾಂಗ್

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಕತ್ತಿ ಹಿಡಿಯುವ ಮೊದಲು ಸಲಿಮೊ ಎಲ್ಲರನ್ನೂ ಕೇಳುತ್ತಾಳೆ, "ನಿಮ್ಮವ್ವ ಒಪ್ಪಿದಾಳೇನೆ?" ಇಲ್ಲವೆಂದರೆ ಅವಳು ಮುಟ್ಟುವುದಿಲ್ಲ. ನಾನು, "ಅವ್ವನೇ ಕಳ್ಸಿದ್ದು," ಎಂದೆ. ಮೊನ್ನೆ ಅವಳು ಅದನ್ನು ಪೊಲೀಸರಿಗೆ ಹೇಳಿದ್ದಾಳೆ. ಕಳಿಸಿದವರಿಗೂ ಶಿಕ್ಷೆಯಿದೆ, ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಉಳಿಸಲು ಹೋಗಿ ತಪ್ಪು ನಿನ್ನ ಮೇಲೆ ಹಾಕಿಕೊಳ್ಳಬೇಡ, ಮಗಳು ಸುಳ್ಳು ಹೇಳಿದಳು ಎಂದುಬಿಡು. ನಂಬದಿದ್ದರೆ ಈ ಕಾಗದ ಅವರ ಕೈಗೆ ಕೊಡು.