ಎರಡು ಇಂಚು ಮೇಲೆ

೯ ಡಿಸೆಂಬರ್ ೨೦೧೧, ಶುಕ್ರವಾರ

ಎರಡೇ ಇಂಚು. ಮಧ್ಯಾಹ್ನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಹಿಂದಿನ ಚಕ್ರಗಳಿಗೆ ಭಾರ ಬಿದ್ದು ಹಿಡಿತ ಸಿಗಲಿ ಎಂದು ಕಾಂಟೆಸ್ಸಾ ಕಾರಿನ ಇಂಜಿನ್ನನ್ನು ಒಂದಡಿ ಹಿಂದಕ್ಕೆ ತಂದೆ. ಅದು ಸರಿಯೇ. ಆದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪು ಛಾಸಿಯ ಅಡ್ಡಪಟ್ಟಿಗೆ ತಾಗುತ್ತಿತ್ತು. ಪಟ್ಟಿ ಕತ್ತರಿಸಿ ಬೇರೆ ಕಟ್ಟಲು ವಾರ ಬೇಕು. ಅಷ್ಟು ತಾಳ್ಮೆ ಎಲ್ಲಿತ್ತು ನನಗೆ? ಇಂಜಿನ್ನನ್ನೇ ಎರಡು ಇಂಚು ಎತ್ತರಕ್ಕೆ ಕೂರಿಸಿ ವೆಲ್ಡ್ ಹೊಡೆದೆ.

ಇವತ್ತು ಪೀಣ್ಯದ ಶೆಡ್ಡಿನ ಹಿಂದಿನ ಖಾಲಿ ರಸ್ತೆಯಲ್ಲಿ ತಂಗಿ ಉಮಾಶ್ರೀ ಓಡಿಸಿ ನೋಡಿದಳು. ಕ್ಲಚ್ ಬಿಟ್ಟ ಕೂಡಲೇ, ಎತ್ತರಕ್ಕೇರಿದ ಇಂಜಿನ್ನಿನ ಭಾರ ಹಿಂದಕ್ಕೆ ವಾಲಿ, ಮುಂದಿನ ಎರಡೂ ಚಕ್ರ ನೆಲ ಬಿಟ್ಟವು. ಸ್ಟೇರಿಂಗ್ ಇದ್ದೂ ಇಲ್ಲದಂತಾಗಿ, ಕಾರು ಎಡಕ್ಕೆ ನುಗ್ಗಿ, ಕಾಂಪೌಂಡ್ ಗೋಡೆಗೆ ಗೇಣು ದೂರದಲ್ಲಿ ನಿಂತಿತು.

ಇಳಿದು ಗೋಡೆಗೂ ಬಂಪರಿಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆದಳು. ಆದರೂ ನಕ್ಕಳು.

"ನಾನೇ ಕ್ಲಚ್ ಬೇಗ ಬಿಟ್ಬಿಟ್ಟೆ ಅಣ್ಣ. ಭಾನುವಾರ ರೇಸಲ್ಲಿ ಸರಿಯಾಗಿ ಬಿಡ್ತೀನಿ."

ನಾನು ಹೂಂ ಅಂದೆ. ಹೂಂ ಅಂದುಬಿಟ್ಟೆನಲ್ಲ.

ಎರಡು ವರ್ಷದಿಂದ ಈ ಭಾನುವಾರಕ್ಕೆ ಕಾದಿದ್ದಾಳೆ. ಒಂದೇ ದಿನದಲ್ಲಿ ಇಂಜಿನ್ ಇಳಿಸಿ ಕೂರಿಸಲು ಯಾರಿಂದಲೂ ಆಗದು. ಶೆಡ್ಡಿಗೆ ಬೀಗ ಹಾಕುವ ಮುಂಚೆ ಡಿಸ್ಟ್ರಿಬ್ಯೂಟರಿನ ರೋಟರ್ ಕಳಚಿ ಜೇಬಿಗೆ ಹಾಕಿಕೊಂಡು ಬಂದೆ. ಅದಿಲ್ಲದೆ ಕಾರು ಸ್ಟಾರ್ಟ್ ಆಗುವುದಿಲ್ಲ. ತಪ್ಪು ನನ್ನದು ಎಂದು ಹೇಳಲಾರದೆ ಕಳ್ಳನ ಹಾಗೆ ತಂದಿದ್ದೇನೆ.

ಪಕ್ಕದ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಬಾಗಿಲ ಸಂದಿಯಿಂದ ಕಾಣುತ್ತಿದ್ದಾಳೆ. ಕುರ್ಚಿಯಲ್ಲಿ ಕೂತು ಕ್ಲಚ್ ಒತ್ತಿ ಬಿಡುವ ಹಾಗೆ ಎಡಗಾಲನ್ನು ನೆಲಕ್ಕೊತ್ತಿ ನಿಧಾನವಾಗಿ ಎತ್ತುತ್ತಾಳೆ, ಮತ್ತೆ ಒತ್ತುತ್ತಾಳೆ, ಮತ್ತೆ ಎತ್ತುತ್ತಾಳೆ…