ನಾಲ್ಕೂವರೆ ಗೇಣು

೪ ಮಾರ್ಚ್ ೧೯೭೯, ಪರ್ತ್

ಅಕ್ಷರ ಸೊಟ್ಟ. ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸು ಓದಿದ ಕೈ. ಆನೆ ಕ್ಯಾಂಪಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಓದುವುದಿಲ್ಲ, ಆದರೂ ನಾಚಿಕೆ.

ಬಟ್ಟೆ ಒಗೆದಾಯಿತು. ಅನ್ನಕ್ಕಿಟ್ಟಿದ್ದೇನೆ. ಮಾವ ಆಸ್ಪತ್ರೆ ಡ್ಯೂಟಿಯಿಂದ ಬಂದಿಲ್ಲ. ಗಂಡ ಎಂದು ಬರೆಯಲು ಕೈ ಬಾರದು — ಅಮ್ಮನ ತಮ್ಮ, ಮದುವೆಗೆ ಮೊದಲೂ ಮಾವ. ಬಂದರೆ ಒಂದೇ ಮಾತು. ರಾಜಗೋಪಾಲ ಅಂಕಲ್ ಒಳ್ಳೆಯ ರಿಪೋರ್ಟ್ ಬರೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಜೂನ್‌ನಲ್ಲಿ ವಾಪಸ್. ಅಂಕಲ್ ಅದೇ ಆಸ್ಪತ್ರೆಯ ದೊಡ್ಡ ಸರ್ಜನ್.

೧೧ ಮಾರ್ಚ್

ಅಂಕಲ್ ಮನೆಯಲ್ಲಿ ಊಟ. ಲೌಂಜಿನಲ್ಲಿ ಒಂದು ಸ್ಟೂಲು. ಆನೆಯ ಕಾಲು! ಉಗುರು ಸಮೇತ, ಮೇಲೆ ಮೆತ್ತೆ. ಹೋದ ವರ್ಷ ಆಫ್ರಿಕಾದಲ್ಲಿ ಅವರೇ ಹೊಡೆದದ್ದಂತೆ. "ಅರವತ್ತು ವರ್ಷದ ಗಂಡು. ಇನ್ನು ಮರಿ ಹುಟ್ಟಿಸಲ್ಲ ಅಂತ ನೋಡೇ ಹೊಡೆಯೋದು," ಎಂದರು. ಮುಂದಿನ ತಿಂಗಳು ಸಿಟಿಯ ಕ್ಲಬ್ಬಿನಲ್ಲಿ ಸ್ಲೈಡ್ ತೋರಿಸಿ ಭಾಷಣವಂತೆ. ಬೇಟೆಯಿಂದಲೇ ಆನೆ ಉಳಿಯುತ್ತದೆ ಎಂದು.

ಎಲ್ಲರೂ ಊಟಕ್ಕೆ ಎದ್ದಾಗ ಆ ಕಾಲಿನ ಸುತ್ತ ಗೇಣು ಹಾಕಿದೆ. ಅಪ್ಪ ಫಾರೆಸ್ಟ್ ಗಾರ್ಡ್. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ, ಮುಂಗಾಲು ದುಂಡಗೆ, ಹಿಂಗಾಲು ಉದ್ದಕ್ಕೆ — ಅಪ್ಪ ಕೆಸರಿನ ಹೆಜ್ಜೆ ಅಳೆದು ಕಲಿಸಿದ್ದ. ಇದು ದುಂಡಗಿತ್ತು. ನಾಲ್ಕೂವರೆ ಗೇಣು. ಅಂದರೆ ಆನೆ ಏಳಡಿಯೂ ಇಲ್ಲ. ಮುದಿ ಗಂಡು ಹತ್ತಡಿ ದಾಟುತ್ತದೆ. ಒಣಗಿದರೂ ಇಷ್ಟು ಕುಗ್ಗುವುದಿಲ್ಲ... ತಾಯಿಯ ಜೊತೆ ತಿರುಗುವ ವಯಸ್ಸು.

ಕಾರಿನಲ್ಲಿ ಮಾವನಿಗೆ ಹೇಳಿದೆ.

"ಅಳೀತಿದ್ದಿದ್ದು ಯಾರಾದ್ರೂ ನೋಡಿದ್ರೇನೇ?"

ಅಷ್ಟೇ ಕೇಳಿದರು.

೧ ಏಪ್ರಿಲ್

ಅಂಕಲ್ ಮನೆ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ. ಮಕ್ಕಳ ಡಾಕ್ಟರ್ ಇಂದಿರಾ ಆಂಟಿ ಜಗಳಕ್ಕೇ ಬಂದಂತಿತ್ತು.

"ಆನೆ ಉಳಿಸೋಕೆ ಆನೆ ಕೊಲ್ಲೋದೇನ್ರೀ?"

"ಲೈಸೆನ್ಸ್ ದುಡ್ಡಲ್ಲೇ ಅಲ್ಲಿ ಗಾರ್ಡ್‌ಗಳ ಸಂಬಳ, ಇಂದಿರಾ. ಅದಿಲ್ಲಾಂದ್ರೆ ಕಳ್ಳರು ಎಲ್ಲಾನೂ ಹೊಡೀತಾರೆ. ಮುದಿದೊಂದು ಹೋದ್ರೆ ನೂರು ಉಳಿಯತ್ತೆ."

"ನಿಮಗೂ ಐವತ್ತೆಂಟಾಯ್ತಲ್ಲ. ನಾನೊಂದು ಲೈಸೆನ್ಸ್ ತಗೊಳ್ಳಲಾ?"

ಎಲ್ಲರೂ ನಕ್ಕರು. ಅಂಕಲ್ ನಗಲಿಲ್ಲ. ಅವರ ಮಾತು ಪೂರಾ ಸುಳ್ಳೂ ಅಲ್ಲ. ಅಪ್ಪ ಬರಿಗಾಲಲ್ಲೇ ಕಾಡು ತಿರುಗಿದ, ಬೂಟು ಕೊಡುವವರಿರಲಿಲ್ಲ.

ಆಮೇಲೆ ಅಂಕಲ್ ನನ್ನ ಕಡೆ ತಿರುಗಿದರು. "ಏನಮ್ಮ ವೇಣಿ, ಆನೆಗಳ ಮಧ್ಯೆ ಬೆಳೆದೋಳು ನೀನು. ಹೇಳು ಇವರಿಗೆ. ಅದು ಮುದಿ ಆನೆ ಕಾಲು ಹೌದೋ ಅಲ್ವೋ?"

ಮಾವ ಬೆಂಕಿಯ ಮುಂದೆ ಇಕ್ಕಳ ಹಿಡಿದು ನಿಂತಿದ್ದರು. ತಿರುಗಲಿಲ್ಲ.

"ಹೌದು ಅಂಕಲ್. ತುಂಬಾ ಮುದಿದು."

"ನೀನೇ ಹೇಳಿದ್ಮೇಲೆ ಮುಗೀತು ಬಿಡಮ್ಮ," ಎಂದು ಇಂದಿರಾ ಆಂಟಿ ಚೀಲ ತೆಗೆದುಕೊಂಡು ಹೊರಟರು.

೨೭ ಏಪ್ರಿಲ್

ರಿಪೋರ್ಟ್ ಆಯಿತು. ಕೆಲಸ ಖಾಯಂ.

ಭಾಷಣದಲ್ಲಿ ನನ್ನ ಹೆಸರೂ ಬಂತಂತೆ — ಇಂಡಿಯಾದ ಫಾರೆಸ್ಟ್ ಗಾರ್ಡ್ ಮಗಳೇ ನೋಡಿ ಒಪ್ಪಿದ್ದಾಳೆ ಎಂದು. ಚಪ್ಪಾಳೆ. ಮಾವ ನಗುತ್ತಾ ಹೇಳಿದರು. ಆಮೇಲೆ ಊಟ ಬೇಡವೆಂದರು.

೧೭ ಜೂನ್

ಅಂಕಲ್ ಅಡಿಲೇಡಿಗೆ ಹೊರಟರು, ಇನ್ನೂ ದೊಡ್ಡ ಕೆಲಸ. ಸ್ಟೂಲನ್ನು ನಮಗೇ ಕೊಟ್ಟರು. "ಊರಿನ ನೆನಪಿಗೆ ಇಟ್ಕೋಮ್ಮ." ನನ್ನನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆದರು. ಕೂತೆ.

೨ ಜುಲೈ, ಬೆಳಿಗ್ಗೆ

ಅಪ್ಪನ ಕಾಗದ. ನಿನ್ನ ಮುಖ ನೋಡಿ ಎರಡು ವರ್ಷವಾಯಿತು, ಫೋಟೋ ಕಳಿಸು ಅಂತ. ಇರುವುದು ಸ್ಟೂಲಿನ ಮೇಲೆ ಕೂತ ಇದೊಂದೇ. ಅಪ್ಪನಿಗೆ ಅಳೆಯುವುದೂ ಬೇಡ, ಕಣ್ಣಿಗೇ ತಿಳಿಯುತ್ತದೆ.

ಮಾವ ಹೋದ ಮೇಲೆ ಕತ್ತರಿ ತಂದು ಫೋಟೋದ ಕೆಳಭಾಗ ಕತ್ತರಿಸಿದೆ. ನನ್ನ ಕಾಲುಗಳೂ ಹೋದವು. ಉಳಿದದ್ದನ್ನು ಕವರಿಗೆ ಹಾಕಿ ಅಂಟಿಸಿದೆ. ಕತ್ತರಿಸಿದ ಚೂರು ಮಾತ್ರ ಇನ್ನೂ ಕೈಯಲ್ಲೇ ಇದೆ, ಎಸೆಯಲಾಗುತ್ತಿಲ್ಲ.