ಎಚ್ಚರವಿದ್ದೇ ಹೆತ್ತೆ

ಫೆಬ್ರವರಿ 3

ಡಿಪೋ. ಸ್ಟೇರಿಂಗಿಗೆ ಹೊಟ್ಟೆ ತಾಗಲು ಶುರುವಾದ ಮೇಲೆ ಬಸ್ಸಿನಿಂದ ಇಳಿಸಿ ಇಲ್ಲಿ ಕೂರಿಸಿದ್ದಾರೆ — ಪ್ರಯಾಣಿಕರು ಮರೆತ ಸಾಮಾನುಗಳ ಕೋಣೆಯಲ್ಲಿ. ಇವತ್ತು ಒಂದು ಹಲ್ಲುಸೆಟ್ಟು ಬಂತು. ವಾರಸುದಾರರಿಲ್ಲ. ಪಾಪ, ಯಾವ ಬಾಯಲ್ಲಿ ಬಂದು ಕೇಳಬೇಕು!

ಸಂಜೆ ಚೆಕಪ್. ಡಾಕ್ಟರಮ್ಮ ಎರಡೂ ದಾರಿ ಬಿಡಿಸಿ ಹೇಳಿದರು. ಮೊದಲನೆಯದು ಸಿಸೇರಿಯನ್ ಆಗಿದ್ದರೂ ಈ ಸಲ ನಾರ್ಮಲ್ಲಿಗೆ ಪ್ರಯತ್ನಿಸಬಹುದು. ಬೇಡವೆಂದರೆ ಮೊದಲೇ ದಿನ ಗೊತ್ತುಮಾಡಿ ಆಪರೇಷನ್; ಸೊಂಟದ ಕೆಳಗಷ್ಟೇ ಮರಗಟ್ಟಿಸುತ್ತಾರೆ, ಎಚ್ಚರವಿರುತ್ತದೆ.

"ಎರಡರಲ್ಲೂ ರಿಸ್ಕ್ ಇದ್ದೇ ಇದೆ. ಯಾವ್ದು ಬೇಕು ಅಂತ ನೀವೇ ಹೇಳ್ಬೇಕು."

ಫೆಬ್ರವರಿ 5

ಅಮ್ಮ ಬಂದಿದ್ದಾಳೆ. ಆಪರೇಷನ್ ಎಂದದ್ದೇ ತಡ, "ನಾನು ನಾಲ್ಕು ಹೆತ್ತೆ, ಒಂದಕ್ಕೂ ಕತ್ತಿ ತಾಗ್ಲಿಲ್ಲ. ನೋವು ತಿನ್ನದೆ ತಾಯಿ ಆಗ್ತಾರೇನೇ?"

ತಿಂದಿಲ್ಲವೇ? ಮಗಳು ಹುಟ್ಟುವಾಗ ಇಡೀ ದಿನ ತಿಂದೆ. ಆಮೇಲೆ ಮಗುವಿನ ಎದೆಬಡಿತ ಇಳಿಯಿತು. ಯಾರೋ ಕೂಗಿದರು, ಟ್ರಾಲಿ ಓಡಿತು, ಮುಖಕ್ಕೆ ಮಾಸ್ಕ್. ಕಣ್ಣು ಬಿಟ್ಟಾಗ ಮಗಳು ಟೋಪಿ ಹಾಕಿಕೊಂಡು ಮಲಗಿದ್ದಳು. ಎಲ್ಲರೂ ಎತ್ತಿ ಆಡಿಸಿಯಾಗಿತ್ತು. ನಾನೇ ಕೊನೆಯವಳು.

ಈ ಸಲ ಎಚ್ಚರವಿರಬೇಕು. ಮೊದಲ ಅಳು ಕೇಳಬೇಕು. ಅಷ್ಟೇ.

ದಿನ ಗೊತ್ತುಮಾಡಿ ಆಪರೇಷನ್ನೇ ಆಗಲಿ ಎಂದು ಇವರಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದರು. "ಹೊಟ್ಟೆ ನಿಂದು, ಮಾತೂ ನಿಂದೇ" ಎಂದರು. ಕೊನೆಯ ತಟ್ಟೆ ಕವುಚಿಟ್ಟು, "ನಾನೂ ಒಳಗೆ ಬರ್ಬಹುದಾ?" ಬೆರಳಿಗೆ ಮುಳ್ಳು ಚುಚ್ಚಿದರೆ ಬೆವರುವ ಆಸಾಮಿ!

ಫೆಬ್ರವರಿ 19, ಬೆಳಿಗ್ಗೆ

ಇವತ್ತೇ. ತಲೆ ಬಾಚಿಸಿಕೊಳ್ಳುತ್ತ ಮಗಳು, "ಡಾಕ್ಟರ್ ಹೊಟ್ಟೆ ಬಾಗ್ಲು ತೆಗೆದು ಪಾಪು ಕೊಡ್ತಾರೆ. ಆಮೇಲೆ ಬಾಗ್ಲು ಹಾಕ್ತಾರಾ?"

"ಹಾಕ್ತಾರೆ ಕಣೇ."

"ಚಿಲ್ಕ?"

ಅಮ್ಮನ ಮುಖ ಇನ್ನೂ ಗಂಟು. ನನ್ನ ಬ್ಯಾಗು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ, ತಾನೇ ಹೊತ್ತಳು.

ಫೆಬ್ರವರಿ 21

ಬೆನ್ನಿಗೆ ಇಂಜೆಕ್ಷನ್. ಕಾಲುಗಳು ಯಾರದೋ ಕಾಲುಗಳಾದವು. ಎದೆಯ ಮುಂದೆ ಹಸಿರು ಪರದೆ. ನೋವಿಲ್ಲ — ಆದರೆ ಒಳಗೆ ಯಾರೋ ಡ್ರಾಯರ್ ಎಳೆದು ಏನನ್ನೋ ಹುಡುಕುತ್ತಿರುವ ಹಾಗೆ. ಇವರು ನನ್ನ ತಲೆಯ ಬಳಿ, ಸುಣ್ಣದ ಗೋಡೆಯಷ್ಟು ಬಿಳುಚಿಕೊಂಡು.

ಆಮೇಲೆ ಅಳು. ತಗಡು ಕೆರೆದಂಥ, ಸಿಟ್ಟಿನ ಅಳು. ಅಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

"ಗಂಡು. ಗಂಟ್ಲು ಜೋರಿದೆ!" ಎಂದರು ಡಾಕ್ಟರಮ್ಮ. ಮಗುವಿನ ಕೆನ್ನೆಯನ್ನು ನನ್ನ ಕೆನ್ನೆಗೆ ತಾಗಿಸಿದರು. ಒದ್ದೆ, ಬಿಸಿ. ಈ ಸಲ ನಾನೇ ಮೊದಲು.

ನಿನ್ನೆ ಎಬ್ಬಿಸಿ ನಿಲ್ಲಿಸಿದರು. ನರ್ಸ್ ಒಂದು ಕಡೆ, ಅಮ್ಮ ಒಂದು ಕಡೆ. ಕಿಟಕಿ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂತು. ಹೊಲಿಗೆ ಕಿತ್ತು ಬಂದಂತೆ ಉರಿ. ಅಮ್ಮನ ಕೈ ಹಿಸುಕಿಬಿಟ್ಟೆ. ಮಲಗಿಸಿದ ಮೇಲೆ ಅವಳು ಕೈ ನೀವಿಕೊಳ್ಳುತ್ತ, "ಸುಲಭದ ದಾರಿ ಹಿಡಿದೆ ಅಂದ್ಕೊಂಡಿದ್ದೆ. ಇದೇನು ಕಡಿಮೆಯೇನೇ!"

ಫೆಬ್ರವರಿ 28

ಮನೆ. ನಗುವುದಾದರೆ ಹೊಟ್ಟೆಗೆ ದಿಂಬು ಒತ್ತಿಕೊಂಡೇ ನಗಬೇಕು. ಇವರು ಡೈಪರ್ ಹಿಂದುಮುಂದಾಗಿ ಕಟ್ಟಿದರು. ದಿಂಬೆಲ್ಲಿ, ದಿಂಬೆಲ್ಲಿ!

ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ — "ನಮ್ಮವ್ಳು ಎಚ್ಚರವಾಗೇ ಇದ್ಲು ಕಣೇ! ನಾವಾಗಿದ್ರೆ ಎದೆ ಒಡ್ಕೊಂಡು ಸಾಯ್ತಿದ್ವಿ." ಜಂಬ ನೋಡು. ಕೇಳಿಸದವಳಂತೆ ಮಲಗಿದೆ.

ಏಪ್ರಿಲ್ 6

ಗಾಯ ಮಾಗಿದೆ. ಮಗು ತೋರಿಸಲು ಡಿಪೋಗೆ ಹೋದೆವು. "ಹೊಸ ಕಂಡಕ್ಟರ್ ಬಂದ!" ಎಂದ ಮೆಕ್ಯಾನಿಕ್. ನಿಂತಿದ್ದ ಬಸ್ಸು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತೆ. ಬ್ರೇಕ್ ಒತ್ತಿದೆ, ಬಲವಾಗಿ. ಹೊಟ್ಟೆ ಸೆಳೆಯಲಿಲ್ಲ. ಖುಷಿಗೆ ಇನ್ನೊಮ್ಮೆ ಒತ್ತಿದೆ.

ಮಗುವನ್ನೆತ್ತಿಕೊಂಡು ಅಮ್ಮನೂ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಇಷ್ಟು ವರ್ಷದಲ್ಲಿ ನನ್ನ ಬಸ್ಸು ಹತ್ತಿದ್ದು ಇದೇ ಮೊದಲು.

"ಎಲ್ಲಿಗಮ್ಮಾ?" ಎಂದೆ.

"ಎಲ್ಲಿಗಾದ್ರೂ. ಮೆಲ್ಲಗೆ ಬಿಡು, ಮಗು ಮಲಗಿದೆ."

ಎಂಜಿನ್ ಆಫ್. ಆದರೂ ಸ್ಟೇರಿಂಗ್ ಹಿಡಿದೆ. ಕನ್ನಡಿಯಲ್ಲಿ ನೋಡಿದರೆ ಅಮ್ಮ, ಊರು ನಿಜವಾಗಿಯೂ ಹಿಂದೆ ಸರಿಯುತ್ತಿದೆಯೋ ಎಂಬಂತೆ ಕಿಟಕಿಯಾಚೆ ನೋಡುತ್ತ... ಅಗೋ, ತೊಟ್ಟಿಲಿನಿಂದ ತಗಡು ಕೆರೆಯುವ ಸದ್ದು. ಬಂದೆ, ಬಂದೆ —